ಬಲಗೈ ಬಾಬತ್ತು

ಫೆಬ್ರವರಿ ೧೧

ತಂಗಿಗೆ ಅಣ್ಣನ ಆಶೀರ್ವಾದ.

ವಿಷಯ: ಬಲಗೈ ಬಾಬತ್ತು. ವಿವರಗಳು ಈ ಕೆಳಕಂಡಂತೆ:

೧. ಗಾಯಗೊಂಡವನು: ಈ ಪತ್ರ ಬರೆಸುತ್ತಿರುವವನು, ನಿನ್ನ ಒಡಹುಟ್ಟಿದ ಅಣ್ಣ, ಕಚೇರಿಯ ಮುಂದಿನ ಬೆಂಚಿನಲ್ಲಿ ಜನರ ಅರ್ಜಿ ಬರೆದುಕೊಟ್ಟು ಬದುಕಿದವನು.

೨. ಗಾಯವಾದ ಅಂಗ: ಬಲಗೈ. ತೋರುಬೆರಳು ನಡುಗೆಣ್ಣಿನಿಂದಾಚೆಗೆ ಇಲ್ಲ. ನಡುಬೆರಳಿನ ತುದಿ ಇಲ್ಲ. ಉಂಗುರಬೆರಳಿನ ನರ ಕಡಿದು ಹೊಲಿಯಲಾಗಿದೆ. ಹೆಬ್ಬೆರಳು, ಕಿರುಬೆರಳು ಇವೆ. ಕಿರುಬೆರಳಿನಿಂದ ನನ್ನ ಕಸುಬಿಗೆ ಉಪಯೋಗವಿಲ್ಲ.

೩. ಸ್ಥಳ: ನಿನ್ನ ಹೊಲದಮನೆಯ ಹಿಂದಿನ ಶೆಡ್ಡು.

೪. ಯಂತ್ರ: ದನಗಳಿಗೆ ಮೇವು ಕತ್ತರಿಸುವ ಮಿಷನ್ನು. ಸದರಿ ಮಿಷನ್ನಿನ ಹಲ್ಲಿನ ಉರುಳೆಗಳು ನನ್ನ ಕೈಯನ್ನು ಮೇವೆಂದು ಭಾವಿಸಿದವು.

೫. ಆ ವೇಳೆ ಮೋಟರಿನ ಸ್ವಿಚ್ಚಿನ ಬಳಿ ಇದ್ದವನು: ನಿನ್ನ ಮಗಳ ಗಂಡ, ಅಂದರೆ ನಿನ್ನ ಮನೆಅಳಿಯ.

೬. ಸದರಿಯವನು ನೀಡಿದ ಎಚ್ಚರಿಕೆ: ಯಾವುದೂ ಇಲ್ಲ.

೭. ಕೋರುವ ಪರಿಹಾರ: ಸದರಿಯವನನ್ನು ಮಿಷನ್ನಿನ ಬಳಿಯಿಂದಲೂ ನಿನ್ನ ಮನೆಯಿಂದಲೂ ಹೊರಗೆ ಹಾಕತಕ್ಕದ್ದು. ತಪ್ಪಿದಲ್ಲಿ ಪೊಲೀಸು ದೂರು.

ಮೇಲ್ಕಂಡ ವಿವರಗಳು ಸತ್ಯವೆಂದೂ ಯಾವುದನ್ನೂ ಮುಚ್ಚಿಟ್ಟಿಲ್ಲವೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.

ಈ ಪತ್ರ ನನ್ನ ಅಕ್ಷರದಲ್ಲಿಲ್ಲ ಎಂಬುದು ನಿನ್ನ ಕಣ್ಣಿಗೆ ಬಿದ್ದೇ ಇರುತ್ತದೆ. ಪಕ್ಕದ ಬೆಂಚಿನಲ್ಲಿ ಕೂತು ಅರ್ಜಿ ಬರೆಯುವವನಿಂದ ಬರೆಸಿದ್ದೇನೆ. ಇವನ ಸಾಲುಗಳು ಎಡತುದಿಯಲ್ಲಿ ಹೊರಟು ಇಳಿಜಾರಿನಲ್ಲಿ ಜಾರಿದ ಹಾಗೆ ಬಲಕ್ಕೆ ಇಳಿಯುತ್ತವೆ; ಅದಕ್ಕೆ ನಾನು ಹೊಣೆಯಲ್ಲ. ಇಷ್ಟು ವರ್ಷ ಇವನ ಅಕ್ಷರ ನೋಡಿ ನಕ್ಕವನು ನಾನು. ಈಗ ನನ್ನ ಸಂಕಟವನ್ನು ಅದೇ ಅಕ್ಷರದಲ್ಲಿ ಓದಿಸಬೇಕಾಗಿ ಬಂದಿದೆ. ಅದಕ್ಕೆ ಕಾರಣನಾದವನು ಕಲಂ ಐದರಲ್ಲಿದ್ದಾನೆ.

ಆಸ್ಪತ್ರೆಗೆ ಒಬ್ಬ ಪೊಲೀಸಿನವನು ಬಂದಿದ್ದ. "ತಾತ, ಯಾರ ಮೇಲಾದ್ರೂ ದೂರು ಇದೆಯಾ? ಬಾಯಲ್ಲಿ ಹೇಳಿ, ನಾನೇ ಬರ್ಕೊಳ್ತೀನಿ. ನೀವು ಹೆಬ್ಬೆಟ್ಟು ಒತ್ತಿದ್ರೆ ಸಾಕು" ಎಂದ. ಹೆಬ್ಬೆಟ್ಟು! ಅಕ್ಷರ ಬಾರದ ಎಷ್ಟು ಜನರ ಹೆಬ್ಬೆರಳನ್ನು ನಾನು ಹಿಡಿದು ಮಸಿಗೆ ಒತ್ತಿದ್ದೇನೋ ಲೆಕ್ಕವಿಲ್ಲ. ನನ್ನದನ್ನು ಇನ್ನೊಬ್ಬ ಹಿಡಿಯುವ ದಿನ ಬರಬಾರದು. ನನ್ನ ದೂರಿಗೆ ನಾನೇ, ನನ್ನ ಬಲಗೈಯಿಂದಲೇ ಸಹಿ ಹಾಕುತ್ತೇನೆ, ಅಲ್ಲಿಯವರೆಗೆ ಕಾಯತಕ್ಕದ್ದು ಎಂದೆ. "ಕೈ ಬರೋದು ಯಾವಾಗ ತಾತ?" ಎಂದ. "ಬಂದಾಗ" ಎಂದೆ.

ದೂರನ್ನು ಟೈಪು ಮಾಡಿಸಿ ಇಟ್ಟಿದ್ದೇನೆ. ಸಹಿಯ ಜಾಗವೊಂದು ಖಾಲಿ ಇದೆ. ಈ ನಡುವೆ ನೀನಾಗಿಯೇ ಕಲಂ ಏಳನ್ನು ಜಾರಿಗೆ ತಂದರೆ ಅದು ನಿನಗೆ ಶೋಭೆ.

ಇಂತು,
ನಿನ್ನ ಅಣ್ಣ
(ಸಹಿ ಮಾಡಲು ಸಾಧ್ಯವಾಗಿಲ್ಲ)

ಅಕ್ಕಾ, ಇವರು ಹೇಳಿದ್ದನ್ನೆಲ್ಲ ಬರೆದಿದ್ದೇನೆ. ಇವರು ಹೇಳದೆ ಬಿಟ್ಟದ್ದು: ಸರಿಯಾಗಿ ಊಟ ಮಾಡುತ್ತಿಲ್ಲ. ಎಡಗೈಯಲ್ಲಿ ತಿನ್ನಲು ನಾಚಿಕೆ, ಚಮಚ ಕೊಟ್ಟರೆ ಬಿಸಾಡುತ್ತಾರೆ. — ಪಕ್ಕದ ಬೆಂಚಿನವನು.


ಫೆಬ್ರವರಿ ೨೪

ಅಣ್ಣನಿಗೆ ನಮಸ್ಕಾರ.

ಅಣ್ಣ ಪತ್ರ ಬರೆದಿದ್ದಾನೆ ಎಂದು ಆಸೆಯಿಂದ ಒಡೆದೆ. ಒಳಗೆ ನೋಟೀಸು ಇತ್ತು. ನಿಂತುಕೊಂಡೇ ಓದಿದೆ, ಕೂರಲು ಮನಸ್ಸಾಗಲಿಲ್ಲ.

ನೀನು ಯಾವುದನ್ನೂ ಮುಚ್ಚಿಟ್ಟಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ನಾನೊಂದು ಸೇರಿಸುತ್ತೇನೆ. ಆ ದಿನ ನಿನ್ನನ್ನು ಹೊತ್ತುಕೊಂಡು ಟ್ರಾಕ್ಟರಿನ ಟ್ರೇಲರಿಗೆ ಏರಿಸಿದವನು ಕಲಂ ಐದು. ಟವೆಲಿನಲ್ಲಿ ನಿನ್ನ ಕೈ ಸುತ್ತಿ, ಆಸ್ಪತ್ರೆ ಬರುವವರೆಗೂ ಅದನ್ನು ತನ್ನ ತಲೆಗಿಂತ ಮೇಲೆ ಎತ್ತಿ ಹಿಡಿದು ಕೂತವನು ಕಲಂ ಐದು. ಟ್ರಾಕ್ಟರು ಓಡಿಸಿದ್ದು ನನ್ನ ಮಗಳು. ನಿನ್ನ ಪತ್ರದಲ್ಲಿ ಅವನಿಗೆ ಅಂಕೆ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ನಾವೂ ಮನೆಯಲ್ಲಿ ಹಾಗೇ ಕರೆಯುತ್ತಿದ್ದೇವೆ. ಮಗಳು ನಿನ್ನೆ "ಕಲಂ ಐದು, ಊಟಕ್ಕೆ ಬರ್ತೀರಾ ಇಲ್ವಾ?" ಎಂದು ಕೂಗಿದಳು. ಅವನಿಗೆ ನಗು ಬರಲಿಲ್ಲ.

ಅವನು ಈಗ ಮಿಷನ್ನಿನ ಹತ್ತಿರ ಸುಳಿಯುವುದಿಲ್ಲ. ಕುಡುಗೋಲಿನಿಂದ ಮೇವು ಕತ್ತರಿಸಿ ಕತ್ತರಿಸಿ ಹಾಕುತ್ತಾನೆ. ಹಸುಗಳು ಕಾದು ಕಾದು ಕೂಗುತ್ತವೆ. ಮೊದಲು ಅವನ ಬಾಯಲ್ಲಿ ಯಾವಾಗಲೂ ಏನಾದರೊಂದು ರಾಗ ಇರುತ್ತಿತ್ತು. ಈಗ ಅವನು ಕೊಟ್ಟಿಗೆಯಲ್ಲಿದ್ದಾನೋ ಇಲ್ಲವೋ ಎಂದು ಇಣುಕಿ ನೋಡಬೇಕು.

ನಾನು ನಿನಗೆ ಹೇಳಬೇಕಾದ್ದು ಇನ್ನೊಂದಿದೆ. "ಬೇಡ ಅತ್ತೆ, ಕೈ ನೋವಲ್ಲಿ ಇದನ್ನೂ ಕೇಳೋದು ಬೇಡ ಮಾವ" ಎಂದು ಅವನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಅದಕ್ಕೆ ಸುಮ್ಮನಿದ್ದೇನೆ. ನನ್ನ ಬಾಯಿ ಬಿಡಿಸಬೇಡ.

ನಿನ್ನ ಕೈ ಬೇಗ ನೆಟ್ಟಗಾಗಲಿ ಎಂದು ನಾನು ಹಾರೈಸಬೇಕು. ನೆಟ್ಟಗಾದ ದಿನವೇ ನನ್ನ ಮಗಳ ಸಂಸಾರದ ಮೇಲೆ ನಿನ್ನ ಸಹಿ ಬೀಳುತ್ತದೆ. ನಾನು ಏನೆಂದು ಹಾರೈಸಲಿ? ನೀನೇ ಒಂದು ಕರಡು ಬರೆದು ಕಳಿಸು, ಓದಿಕೊಳ್ಳುತ್ತೇನೆ.

ಊಟ ಮಾಡು. ಚಮಚ ಬಿಸಾಡಬೇಡ. ನಿನ್ನನ್ನು ಯಾರೂ ನೋಡುತ್ತಿಲ್ಲ.

ನಿನ್ನ ತಂಗಿ


ಮಾರ್ಚ್ ೨೯

ತಂಗಿಗೆ.

ಈ ಪತ್ರ ಎಡಗೈಯಲ್ಲಿ ಬರೆದದ್ದು. ಪಕ್ಕದ ಬೆಂಚಿನವನ ಸಹವಾಸ ಮುಗಿಯಿತು. ಬರೆಸಿದವನ ಒಪ್ಪಿಗೆಯಿಲ್ಲದೆ ಕೆಳಗೆ ಷರಾ ಸೇರಿಸುವ ನಕಲುಗಾರನನ್ನು ನಮ್ಮ ಕಾಲದಲ್ಲಿ ಬೆಂಚಿನಿಂದ ಎಬ್ಬಿಸುತ್ತಿದ್ದರು. ಅವನನ್ನು ಕೇಳಿದರೆ, "ನಿಮ್ಮ ಹೊಟ್ಟೆ ವಿಷಯ ಅಣ್ಣ, ನಿಮ್ಮ ಒಪ್ಪಿಗೆ ಯಾಕೆ?" ಎನ್ನುತ್ತಾನೆ.

ಕೈಯ ಪಟ್ಟಿ ಬಿಚ್ಚಿದ್ದಾರೆ. ಮೊದಲ ಸಲ ಬೆಳಕಿನಲ್ಲಿ ನೋಡಿದೆ. ಅದು ನನ್ನದು ಎಂದು ಒಪ್ಪಿಕೊಳ್ಳಲು ದಾಖಲೆ ಕೇಳಬೇಕು ಎನಿಸಿತು. ಉಂಗುರಬೆರಳು ಅರ್ಧ ಮಡಚಿದಲ್ಲೇ ನಿಂತಿದೆ, ನೆಟ್ಟಗೂ ಆಗದು, ಪೂರ್ತಿ ಮಡಚಲೂ ಆಗದು. ಇಲ್ಲದ ತೋರುಬೆರಳಿನ ತುದಿ ತುರಿಸುತ್ತದೆ. ಕೆರೆದುಕೊಳ್ಳಲು ಹೋದರೆ ಅಲ್ಲಿ ಗಾಳಿ.

ವ್ಯಾಯಾಮ ಮಾಡಿಸಲು ಒಬ್ಬಳು ಹುಡುಗಿಯನ್ನು ಇಟ್ಟಿದ್ದಾರೆ. "ತಾತ, ಮುಷ್ಟಿ ಮಾಡಿ." "ನಾನು ನಿನ್ನ ತಾತನಲ್ಲ." "ಸರಿ ತಾತ. ಮುಷ್ಟಿ ಮಾಡಿ." ಒಣ ಬಟಾಣಿಯನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೆಕ್ಕಿ ಹಾಕಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಡಬ್ಬಿಯ ಅಂಚಿಗೆ ಕಚ್ಚಿಸಬೇಕು. ಹಸಿ ಸ್ಪಂಜು ಹಿಂಡಬೇಕು. ಊರಿನವರ ಅಳಲನ್ನೆಲ್ಲ ಒಂದು ಹಾಳೆಯಲ್ಲಿ ಕೂರಿಸಿ ಅಧಿಕಾರಿಯ ಮೇಜಿಗೆ ಕಳಿಸಿದ ಕೈ ಇದು. ಈಗ ಬಟಾಣಿಯ ಮುಂದೆ ಸೋತು ಬೆವರುತ್ತದೆ. ಆದರೂ ಒಂದು ದಿನವೂ ತಪ್ಪಿಸಿಲ್ಲ. ಆ ಹುಡುಗಿ, "ಇಷ್ಟು ಹಟ ಯಾರಲ್ಲೂ ನೋಡಿಲ್ಲ ತಾತ, ಯಾವುದಕ್ಕೆ ಇಷ್ಟು ಅವಸರ?" ಎಂದಳು. "ಒಂದು ಸಹಿ ಬಾಕಿ ಇದೆ" ಎಂದೆ.

ನಿನ್ನ ಕಲಂ ಐದು ಕುಡುಗೋಲಿನಲ್ಲಿ ಮೇವು ಕತ್ತರಿಸಿದರೆ ನನಗೇನು? ಹಿಡಿಯಲು ಬೆರಳುಗಳಿವೆ, ಹಿಡಿಯುತ್ತಾನೆ. ಕೈ ಎತ್ತಿ ಹಿಡಿದು ಕೂತನಂತೆ! ಕೈ ಹೋಗುವ ಮೊದಲು ಎಲ್ಲಿದ್ದ? ಕಣ್ಣೆದುರು ಒಬ್ಬ ಹಿರಿಯನ ಕೈ ಉರುಳೆಯೊಳಗೆ ಹೋಗುತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ನಿಂತ. ಹುಟ್ಟಿದ ಮನೆಯಲ್ಲಿ ನಿಲ್ಲಲಾರದೆ ಹೆಂಡತಿಯ ಮನೆಗೆ ಬಂದು ಚಾಪೆ ಹಾಸಿದವನಿಂದ ಇನ್ನೇನು ನಿರೀಕ್ಷೆ? ಹಿಂದಿನ ಸಂಜೆ ಅವನಿಗೆ ನಾನು ನಾಲ್ಕು ಬುದ್ಧಿಮಾತು ಹೇಳಿದ್ದೆ. ಬೆಳಿಗ್ಗೆ ಅದರ ಸೇಡು ತೀರಿಸಿಕೊಂಡ. ಯೋಚಿಸಿದಷ್ಟೂ ಇದೇ ಖಚಿತವಾಗುತ್ತಿದೆ. ಆದ ಕಾರಣ, ದೂರಿನಲ್ಲಿ 'ಅಜಾಗರೂಕತೆಯಿಂದ' ಎಂದಿದ್ದ ಕಡೆ 'ಉದ್ದೇಶಪೂರ್ವಕವಾಗಿ' ಎಂದು ತಿದ್ದಿಸಿ ಮತ್ತೆ ಟೈಪು ಮಾಡಿಸಿದ್ದೇನೆ.

ನೀನು ಯಾವುದೋ ಮಾತನ್ನು ಮುಚ್ಚಿಟ್ಟುಕೊಂಡು ನನ್ನನ್ನು ಹೆದರಿಸುವ ಅಗತ್ಯವಿಲ್ಲ. ಇದ್ದರೆ ಬರೆ.

ನಿನ್ನ ಅಣ್ಣ
(ಎಡಗೈ ರುಜು, ಕಾಗದಪತ್ರಗಳಿಗೆ ಮಾನ್ಯವಲ್ಲ)


ಏಪ್ರಿಲ್ ೮

ಅರ್ಜಿ ಬರೆಯುವ ಅಣ್ಣನವರ ಸನ್ನಿಧಿಗೆ, ಸಗಣಿ ಬಾಚುವ ತಂಗಿಯ ಬಿನ್ನಹ.

ತಮಗೆ ಅಂಕೆ ಹಾಕಿ ಬರೆದರೆ ಮಾತ್ರ ಅರ್ಥವಾಗುವುದಾದ್ದರಿಂದ ಹಾಗೇ ಬರೆಯುತ್ತೇನೆ.

೧. ನಮ್ಮ ಶೆಡ್ಡಿನಲ್ಲಿ ಮೋಟರು ಶುರುವಾದರೆ ಪಕ್ಕದಲ್ಲಿ ನಿಂತವರು ಅರಚಿದರೂ ಕೇಳುವುದಿಲ್ಲ. ಶಿಳ್ಳೆ ಕೇಳುತ್ತದೆ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ. ಸ್ವಿಚ್ಚಿನ ಹತ್ತಿರ ಇದ್ದವರು ಶಿಳ್ಳೆ ಹೊಡೆದರೆ ಮೇವು ಒಡ್ಡುವವರು ತಕ್ಷಣ ಎರಡೂ ಕೈ ತಲೆಯ ಮೇಲಕ್ಕೆ ಎತ್ತಬೇಕು. ಯಾಕೆ, ಏನು ಎಂದು ಆಮೇಲೆ ಕೇಳಬೇಕು. ಅಳಿಯ ಶಿಳ್ಳೆ ಹೊಡೆಯುತ್ತಾನೆ, ಅತ್ತೆಯಾದ ನಾನು ಕೈ ಎತ್ತುತ್ತೇನೆ. ನನ್ನ ಮಾನ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ. ಮೊಮ್ಮಗಳಿಗಂತೂ ಎಷ್ಟು ಅಭ್ಯಾಸವೆಂದರೆ ಒಳಗೆ ಕುಕ್ಕರ್ ಕೂಗಿದರೂ ಉಣ್ಣುವುದನ್ನು ಬಿಟ್ಟು ಎರಡೂ ಕೈ ಎತ್ತಿ ಕೂರುತ್ತಾಳೆ.

೨. ತಾವು ನಮ್ಮಲ್ಲಿ ನಾಲ್ಕು ದಿನ ಇರಲು ಬಂದು, 'ಕೂತು ಉಣ್ಣುವವನು ನಾನಲ್ಲ' ಎಂದು ಮೇವು ಒಡ್ಡಲು ನಿಂತಿರಿ. ಈ ಪದ್ಧತಿಯನ್ನು ತಮಗೂ ಹೇಳಿದೆವು. ಅಂಗಿಯ ತೋಳು ಮಡಚಿ ಎಂದರೆ ಮಡಚಲಿಲ್ಲ, ಕಫ್ಫಿನ ಗುಂಡಿ ಬಿಚ್ಚಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ ಎಂದಿರಿ. ಸಿಕ್ಕಿಕೊಂಡ ಮೇವನ್ನು ಕೋಲಿನಿಂದ ತಳ್ಳಿ ಎಂದರೆ, ಕೈ ಇರುವಾಗ ಕೋಲೇಕೆ ಎಂದಿರಿ.

೩. ಆ ದಿನ ಮೇವು ಸಿಕ್ಕಿಕೊಂಡಿತು. ತಾವು ಬಗ್ಗಿ ಕೈಯಿಂದ ತಳ್ಳಲು ಹೋದಿರಿ. ಅವನು ಶಿಳ್ಳೆ ಹೊಡೆದ. ತಾವು ಬೆಚ್ಚಿ ಹಿಂದೆ ಸರಿದಿರಿ. ಕೈ ಉಳಿಯಿತು. ಆ ಸಂಜೆ ತಾವು ಹೇಳಿದ ನಾಲ್ಕು ಬುದ್ಧಿಮಾತು ನನಗೆ ಬಾಯಿಪಾಠವಾಗಿದೆ.

"ಯಾರಿಗೋ ಶಿಳ್ಳೆ ಹೊಡೆದಿದ್ದು? ನಾನೇನು ನಿನ್ನ ಎಮ್ಮೆಯೇನೋ?"

"ಇಲ್ಲ ಮಾವ, ಮೋಟರ್ ಸದ್ದಲ್ಲಿ ಕೂಗಿದ್ರೆ ಕೇಳಲ್ಲ, ಅದಕ್ಕೇ..."

"ಕೇಳದಿದ್ರೆ ಬಂದು ಹೇಳು. ಹತ್ತಿರ ಬಂದು, ಮರ್ಯಾದೆಯಾಗಿ ಹೇಳು. ಹೆಂಡತಿ ಮನೆಯ ಅನ್ನ ತಿಂದ್ಕೊಂಡು ಹಿರಿಯರಿಗೆ ಶಿಳ್ಳೆ ಹೊಡೀತಾನೆ! ಇನ್ನೊಂದ್ಸಲ ಆ ಸದ್ದು ಬಂತೋ, ಈ ಮನೆ ಹೊಸ್ತಿಲು ತುಳಿಯೋದಿಲ್ಲ ನಾನು. ಮಾತು ಕೊಡು."

ಹೆಂಡತಿ, ಮಗು, ಅತ್ತೆ, ಹಾಲು ಒಯ್ಯಲು ಬಂದವನು, ಇಷ್ಟು ಜನರ ಎದುರು ಅವನು ಮಾತು ಕೊಟ್ಟ. ತಾವು ಬಂದದ್ದೇ ಅಪರೂಪ, ಮತ್ತೆ ಮುನಿಸಿಕೊಂಡು ಹೋಗಬಾರದು ಎಂದು ನಾನೇ ಅವನಿಗೆ ಕಣ್ಣಲ್ಲಿ ಸನ್ನೆ ಮಾಡಿದ್ದೆ.

೪. ಮಾರನೆಯ ಬೆಳಿಗ್ಗೆ ಮತ್ತೆ ಮೇವು ಸಿಕ್ಕಿಕೊಂಡಿತು. ನಾನು ಕೊಟ್ಟಿಗೆಯ ಬಾಗಿಲಲ್ಲಿದ್ದೆ. ಅವನ ಬಾಯಿ ಶಿಳ್ಳೆಗೆ ಮೂತಿ ಮಾಡಿದ್ದನ್ನು ನೋಡಿದೆ. ಮಾಡಿ, ನಿಲ್ಲಿಸಿದ. ಆಮೇಲೆ "ಮಾವಾ, ಮಾವಾ" ಎಂದು ಕೂಗಿದ. ಬಾಯಿ ತೆರೆದದ್ದು ಕಂಡಿತು, ದನಿ ಕೇಳಲಿಲ್ಲ. ಸ್ವಿಚ್ಚು ಆರಿಸಿ ತಮ್ಮ ಕಡೆ ಓಡಿದ. ಆರಿಸಿದರೂ ಆ ದೊಡ್ಡ ಚಕ್ರದ ಓಟ ಕೂಡಲೇ ನಿಲ್ಲುವುದಿಲ್ಲ. ಕಫ್ಫು ಮೊದಲು ಹೋಯಿತು.

೫. ಅವನು ಈಗ ನನ್ನನ್ನು ಕೇಳುವುದು ಒಂದೇ: "ಅತ್ತೆ, ಕೊಟ್ಟ ಮಾತು ನಾನು ಮುರೀಬೇಕಿತ್ತಲ್ವಾ?" ನನಗೆ ಉತ್ತರ ಗೊತ್ತಿಲ್ಲ. ತಾವು ಬಲ್ಲವರು, ಬರೆದು ತಿಳಿಸತಕ್ಕದ್ದು.

ಉದ್ದೇಶಪೂರ್ವಕ ಎಂದು ಬರೆಸಿದೆಯಲ್ಲ ಅಣ್ಣ, ಆ ಪದ ಟೈಪು ಮಾಡಿದವನ ಬೆರಳಾದರೂ ತಡವರಿಸಲಿಲ್ಲವೇ? ಆ ರಕ್ತದ ಟವೆಲನ್ನು ಅವನೇ ಒಗೆದ, ನನ್ನ ಮಗಳ ಕೈಗೆ ಕೊಡಲಿಲ್ಲ. ನಿನಗೆ ಬೆರಳು ಹೋಗಿದೆ, ನೋವಿದೆ, ಎಲ್ಲ ಸರಿ. ಅದಕ್ಕೆ ಇನ್ನೊಬ್ಬನ ಬದುಕನ್ನು ಉರುಳೆಗೆ ಕೊಡಬೇಕೇ?

ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೆ. ನಾನು ಮುರಿದೆ. ಈ ಮನೆಯಲ್ಲಿ ಯಾರಾದರೊಬ್ಬರು ಮುರಿಯಬೇಕಿತ್ತು.

ತಂಗಿ


ಏಪ್ರಿಲ್ ೨೬

ತಂಗಿಗೆ.

ದಿನಾಂಕ ಎಂಟರ ನಿನ್ನ ಪತ್ರ ತಲುಪಿದೆ. ಅದರಲ್ಲಿನ ಕಲಂ ಒಂದರಿಂದ ಐದರವರೆಗಿನ ಸಮಸ್ತ ಆರೋಪಗಳನ್ನು ನಿರಾಕರಿಸಲಾಗಿದೆ. ಹಿರಿಯರು ಮರ್ಯಾದೆ ಕೇಳುವುದು ಅಪರಾಧವೆಂದು ಯಾವ ಕಾನೂನಿನಲ್ಲೂ ಇಲ್ಲ. ಹಾಲು ಒಯ್ಯುವವನನ್ನು ಸಾಕ್ಷಿಯಾಗಿ ತಂದಿರುವುದು ಕೀಳು.

ಕಲಂ ಐದರ ಪ್ರಶ್ನೆಗೆ ಉತ್ತರಿಸಲು ನಾನು ಬಾಧ್ಯನಲ್ಲ.

ಇನ್ನು ಮುಂದೆ ಪತ್ರ ವ್ಯವಹಾರ ಬೇಡ.

ಅಣ್ಣ
(ಎಡಗೈ)


ಜೂನ್ ೧೮

ಅಣ್ಣನಿಗೆ.

ನೀನು ಪತ್ರ ಬೇಡವೆಂದೆ. ಇದು ಪತ್ರವಲ್ಲ, ಬೈಗುಳ. ಓದದೆ ಹರಿಯಬೇಕೆಂದರೆ ಎಡಗೈಯಲ್ಲಿ ಹರಿ.

ಕಲಂ ಐದು ಪೇಟೆಗೆ ಬಂದಿದ್ದ. ನಮಗೆ ಗೊಬ್ಬರ ತರಲು ಹೋಗುತ್ತೇನೆ ಎಂದು ಹೇಳಿ ನಿನ್ನನ್ನು ನೋಡಲು ಹೋದ. ಪಕ್ಕದ ಬೆಂಚಿನವರನ್ನು ಕೇಳಿಕೊಂಡು ಆ ವ್ಯಾಯಾಮದ ಕೋಣೆಯ ಬಾಗಿಲವರೆಗೆ ಬಂದ. ನೀನು ಬಟಾಣಿ ಹೆಕ್ಕುತ್ತಿದ್ದೆಯಂತೆ. ಒಂದು ಕಾಳು ಜಾರಿ ಉರುಳಿ ಅವನ ಕಾಲ ಹತ್ತಿರ ಬಂತಂತೆ. ಎತ್ತಿಕೊಂಡು ಕೊಡಲು ಬಂದರೆ ನೀನು ಗೋಡೆಯ ಕಡೆ ತಿರುಗಿ ಕೂತೆಯಂತೆ. ಆ ಹುಡುಗಿ, "ತಾತ, ನಿಮ್ಮನ್ನ ನೋಡೋಕೆ ಯಾರೋ ಬಂದಿದ್ದಾರೆ" ಎಂದರೆ, "ಅವರಿಗೆ ಕೋಣೆ ತಪ್ಪಿರಬೇಕು" ಎಂದೆಯಂತೆ.

ಗೊಬ್ಬರ ತರದೆ ಮನೆಗೆ ಬಂದ. ಆ ಕಾಳು ಇನ್ನೂ ಅವನ ಅಂಗಿಯ ಜೇಬಿನಲ್ಲಿದೆ. ಒಗೆಯುವಾಗ ಮಗಳು ತೆಗೆದಿಟ್ಟಳು, ಅವನು ಮತ್ತೆ ಹಾಕಿಕೊಂಡ.

ಅವನು ನಿನ್ನ ಬಗ್ಗೆ ಹೇಳಿದ್ದು ಇಷ್ಟೇ: "ಮಾವ ಈಗ ಹೆಬ್ಬೆರಳು, ಉಂಗುರಬೆರಳು ಸೇರಿಸ್ತಾರೆ ಅತ್ತೆ. ನೋಡಿದೆ." ಅದನ್ನು ಹೇಳುವಾಗ ಅವನ ಮುಖದಲ್ಲಿದ್ದದ್ದು ಸಂತೋಷ. ಆ ಬೆರಳುಗಳು ಸೇರುವುದು ತನ್ನನ್ನು ಜೈಲಿಗೆ ಕಳಿಸಲು ಎಂದು ಅವನಿಗೆ ಚೆನ್ನಾಗಿ ಗೊತ್ತು.

ಗೋಡೆಯ ಹತ್ತಿರ ಏನು ಮಾತಾಡಿದೆ ಅಣ್ಣ? ಅದಾದರೂ ನಿನಗೆ ಮರ್ಯಾದೆ ಕೊಟ್ಟಿತೇ?

ತಂಗಿ


ಜುಲೈ ೨೧

ತಂಗಿಗೆ.

ಪತ್ರ ವ್ಯವಹಾರ ಬೇಡವೆಂದಿದ್ದೇನೆ, ಅದು ಊರ್ಜಿತದಲ್ಲಿದೆ. ಆದರೆ ಮೊನ್ನೆ ನನಗೆ ಒಂದು ಘೋರ ಅವಮಾನವಾಗಿದ್ದು, ಅದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ ಕಾರಣ ಬರೆಯುತ್ತಿದ್ದೇನೆ. ಪಕ್ಕದ ಬೆಂಚಿನವನಿಗೆ ಹೇಳಿದರೆ ನಗುತ್ತಾನೆ.

ವ್ಯಾಯಾಮದ ಕೋಣೆಯಲ್ಲಿ ಬಿಸಿ ಮೇಣದ ತೊಟ್ಟಿಯೊಂದಿದೆ. ಬಿಗಿದ ಬೆರಳು ಸಡಿಲವಾಗಲು ಕೈಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಮೇಣ ಹದಕ್ಕೆ ಬಂದಿದೆಯೋ ಎಂದು ಆ ಹುಡುಗಿಯೇ ಮೊದಲು ಪರೀಕ್ಷಿಸುತ್ತಾಳೆ. ಅಂದು ಅವಳು ಬರುವುದು ತಡವಾಯಿತು. ಇಷ್ಟು ದಿನ ನೋಡಿದ್ದೇನೆ, ನನಗೆ ಬಾರದೇ ಎಂದು ತೊಟ್ಟಿಯ ಮುಚ್ಚಳ ತೆಗೆದು ಕೈ ಇಳಿಸುತ್ತಿದ್ದೆ. ಹಿಂದಿನಿಂದ ಒಂದು ಕೂಗು ಬಂತು:

"ಏಯ್ ಮುದುಕಾ! ತೆಗಿಯೋ ಕೈ!"

ಎರಡೂ ಕೈಗಳು ಮೇಲಕ್ಕೆ ಹೋದವು. ನನ್ನ ಅನುಮತಿ ಕೇಳಲಿಲ್ಲ.

ತಿರುಗಿ ನೋಡಿದರೆ ನೆಲ ಒರೆಸುವವಳು. ಕೋಲು ಹಿಡಿದು ನಿಂತಿದ್ದಳು.

"ನನ್ನನ್ನು ಏನೆಂದು ಕರೆದೆ?"

"ಮುದುಕ ಅಂದೆ. ಎಳೆ ಮಗು ಅನ್ಬೇಕಿತ್ತಾ? ಈಗಷ್ಟೇ ಕಾಯಿಸಿ ಇಟ್ಟಿದ್ದಾರೆ, ಕುದೀತಿದೆ ಅದು. ಉಳಿದಿರೋ ಬೆರಳೂ ಬೆಂದು ಹೋಗ್ತಿತ್ತಲ್ರೀ!"

"ಮರ್ಯಾದೆಯಾಗಿ ಹೇಳಬಹುದಿತ್ತು."

"ಮರ್ಯಾದೆಯಾಗಿ ಹೇಳ್ತಾ ಕೂತಿದ್ರೆ ಆಮೇಲೆ ಮರ್ಯಾದೆಯಾಗಿ ಮುಲಾಮು ಹಚ್ಕೊಬೇಕಿತ್ತು ನೀವು. ಕಾಲೆತ್ತಿ, ಒರೆಸ್ಬೇಕು."

ಕಾಲೆತ್ತಿದೆ.

ಮನೆಗೆ ಬಂದವನೇ ಅವಳ ಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು ಬರೆಯಲು ಕೂತೆ. ಮೈಯೆಲ್ಲ ಉರಿಯುತ್ತಿತ್ತು. ಘಟನೆ, ಸ್ಥಳ, ಬಳಸಿದ ಅಸಭ್ಯ ಪದ, ಎಲ್ಲವನ್ನೂ ಕ್ರಮವಾಗಿ ಬರೆದೆ. ಅರ್ಧ ಪುಟವಾದ ಮೇಲೆ ಗಮನಕ್ಕೆ ಬಂತು: ಪೆನ್ನು ಬಲಗೈಯಲ್ಲಿತ್ತು. ಹೆಬ್ಬೆರಳಿಗೂ ನಡುಬೆರಳಿನ ಮೋಟಿಗೂ ನಡುವೆ ನಿಂತು, ಉಂಗುರಬೆರಳಿಗೆ ಒರಗಿಕೊಂಡಿತ್ತು. ಅಕ್ಷರಗಳು ಪಕ್ಕದ ಬೆಂಚಿನವನ ಅಕ್ಷರಗಳಿಗಿಂತ ಓರೆ. ಆದರೆ ನನ್ನವು.

ದೂರು ಪೂರ್ತಿಯಾಗಲಿಲ್ಲ. 'ಆದ್ದರಿಂದ ಸದರಿಯವಳನ್ನು' ಎಂಬಲ್ಲಿಗೆ ಬಂದು ನಿಂತಿತು. ಪರಿಹಾರ ಕೋರುವ ಪ್ರಾರ್ಥನೆಯ ಕಡೆ ಏನು ಬರೆಯುವುದು? ಸದರಿಯವಳನ್ನು ಏನು ಮಾಡತಕ್ಕದ್ದು? ಸಾವಿರಾರು ಜನರ ಪ್ರಾರ್ಥನೆ ಬರೆದವನಿಗೆ ಇದು ಹೊಳೆಯಲಿಲ್ಲ. ಹಾಳೆ ಹಾಗೇ ಇದೆ.

ಈ ಘಟನೆಗೂ ಬೇರಾವುದೇ ಘಟನೆಗೂ ಸಂಬಂಧವಿದೆಯೆಂದು ನಾನು ಒಪ್ಪಿಕೊಂಡಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಸಹಿಗೆ ಇನ್ನು ಬಹಳ ದಿನ ಬೇಕಾಗಿಲ್ಲ ಎಂಬುದನ್ನೂ ಗಮನಿಸತಕ್ಕದ್ದು.

ಅಣ್ಣ
(ಬಲಗೈ, ಇನ್ನೂ ಅಭ್ಯಾಸದಲ್ಲಿದೆ)


ಆಗಸ್ಟ್ ೯

ಅಣ್ಣನಿಗೆ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗುರುತು ಹಿಡಿದೆ. ಸೊಟ್ಟಗಿದ್ದರೂ ನಿನ್ನದೇ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ಆಮೇಲೆ, ಇನ್ನು ಸಹಿ ಬೀಳುತ್ತದೆ ಎಂದು ನೆನಪಾಗಿ ಅಳು ನಿಂತಿತು. ಈ ವರ್ಷ ನನಗೆ ಒಂದು ಅಳುವನ್ನೂ ಪೂರ್ತಿ ಅಳಲು ಬಿಟ್ಟಿಲ್ಲ ನೀನು.

ನಿನ್ನ ಕಷ್ಟವನ್ನು ಕಡಿಮೆ ಮಾಡಿದ್ದಾನೆ ಕಲಂ ಐದು. ದೂರದ ಇಟ್ಟಿಗೆ ಗೂಡಿನಲ್ಲಿ ಕೆಲಸ ಹುಡುಕಿಕೊಂಡಿದ್ದಾನೆ. ತಿಂಗಳ ಕೊನೆಗೆ ಹೊರಡುತ್ತಾನೆ, ಒಬ್ಬನೇ. "ಮಾವನ ಸಹಿ ಬೀಳೋದಕ್ಕೆ ಮೊದಲೇ ಹೋಗ್ಬಿಡ್ತೀನಿ ಅತ್ತೆ. ಪೊಲೀಸಿನವರು ಹುಡುಕ್ಕೊಂಡು ಈ ಮನೆ ಬಾಗಿಲಿಗೆ ಬರೋದು ಬೇಡ" ಎಂದ. ಮಗಳು ಅವನನ್ನು ತಡೆದು ತಡೆದು ಸಾಕಾಗಿ ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನಾನು ನಿನ್ನ ತಂಗಿ ಎಂಬುದೇ ನನ್ನ ತಪ್ಪು.

ಮಿಷನ್ನನ್ನು ಕೊಟ್ಟುಬಿಡಬೇಕು. ಇಬ್ಬರು ಹೆಂಗಸರು, ಒಂದು ಮಗು. ಸ್ವಿಚ್ಚಿಗೆ ಯಾರು, ಮೇವಿಗೆ ಯಾರು? ನಿನ್ನೆ ಕುಕ್ಕರ್ ಕೂಗಿತು. ಮಗು ಎರಡೂ ಕೈ ಎತ್ತಿ ಕೂತು, ಅಪ್ಪ ನಗುತ್ತಾನೆಂದು ನೋಡಿತು. ಅವನು ಎದ್ದು ಹೊರಗೆ ಹೋದ.

ನೀನು ಕೇಳಿದ ಕಲಂ ಏಳು ಜಾರಿಯಾಯಿತು. ದೂರನ್ನು ಒಲೆಗೆ ಹಾಕು, ಇಲ್ಲವೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು. ಆ ಗೋಡೆಗೂ ನಿನಗೂ ಹೇಗೂ ಮಾತುಕತೆ ಇದೆ.

ತಂಗಿ


ಆಗಸ್ಟ್ ೧೪

ತಂಗಿಗೆ.

ನಿನ್ನ ಪತ್ರದಿಂದ ನನಗೆ ಅತೀವ ಕೋಪ ಬಂದಿದೆ. ಕಾರಣಗಳನ್ನು ಬರೆಯುತ್ತೇನೆ, ಅಂಕೆ ಹಾಕುವಷ್ಟು ವ್ಯವಧಾನವಿಲ್ಲ.

ಅರ್ಜಿದಾರ ಸಹಿ ಹಾಕುವ ಮೊದಲೇ ಪರಿಹಾರ ಕೊಡುವ ಅಧಿಕಾರ ಯಾರಿಗೂ ಇಲ್ಲ. ಸಹಿಯಿಲ್ಲದ ಅರ್ಜಿ ಅರ್ಜಿಯೇ ಅಲ್ಲ, ಬರಿಯ ಕಾಗದ. ಒಂದು ಬರಿಯ ಕಾಗದಕ್ಕೆ ಹೆದರಿ ಹೆಂಡತಿ ಮಗುವನ್ನು ಬಿಟ್ಟು ಇಟ್ಟಿಗೆ ಗೂಡಿಗೆ ಹೊರಟಿರುವವನಿಗೆ ಬುದ್ಧಿ ಹೇಳುವವರು ಆ ಮನೆಯಲ್ಲಿ ಯಾರೂ ಇಲ್ಲವೇ? ನಾನು ಬರಬೇಕೇ? ಮಿಷನ್ನನ್ನು ಕೊಟ್ಟುಬಿಡುತ್ತಾಳಂತೆ! ನನ್ನ ಎರಡು ಬೆರಳನ್ನು ತಿಂದ ಮಿಷನ್ನನ್ನು ಬೇರೆಯವರ ಶೆಡ್ಡಿಗೆ ಕಳಿಸಲು ನನ್ನನ್ನು ಕೇಳಬೇಕಿತ್ತು.

ಪೊಲೀಸಿನವನು ನಿನ್ನೆ ನನ್ನ ಕೋಣೆಗೆ ಬಂದಿದ್ದ. "ಏನ್ ತಾತ, ಕೈ ಬಂತಂತೆ? ಸಹಿ ಆಯ್ತಾ?" ಎಂದ. ಟೈಪು ಮಾಡಿಸಿದ ದೂರನ್ನು ಮೇಜಿನ ಮೇಲೆ ಹರಡಿ, ಪೆನ್ನು ತೆಗೆದುಕೊಂಡೆ. ಅವನ ಎದುರಿಗೇ ದೂರಿನ ಈ ತುದಿಯಿಂದ ಆ ತುದಿಗೆ ಅಡ್ಡಗೀಟು ಎಳೆದೆ. ಗೀಟು ನೆಟ್ಟಗೆ ಬಂತು. "ಇದೇನ್ ತಾತ?" ಎಂದ. "ನಾನು ನಿನ್ನ ತಾತನಲ್ಲ" ಎಂದೆ.

ಕಾಗದ ಹಾಳು ಮಾಡುವ ಅಭ್ಯಾಸ ನನಗಿಲ್ಲ. ಈ ಪತ್ರವನ್ನು ಅದರ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ತಿರುಗಿಸಿ ನೋಡಿದರೆ ಗೀಟು ಕಾಣುತ್ತದೆ. ಕಲಂ ಐದಕ್ಕೂ ತೋರಿಸತಕ್ಕದ್ದು.

ತಿದ್ದುಪಡಿ: ಫೆಬ್ರವರಿಯ ನನ್ನ ಪತ್ರದ ಕಲಂ ಆರರಲ್ಲಿ 'ಎಚ್ಚರಿಕೆ: ಯಾವುದೂ ಇಲ್ಲ' ಎಂಬುದರ ಬದಲು 'ಎಚ್ಚರಿಕೆ: ಇತ್ತು, ಹಿಂದಿನ ಸಂಜೆ ನಿಷೇಧಿಸಲ್ಪಟ್ಟಿತ್ತು' ಎಂದು ಓದಿಕೊಳ್ಳತಕ್ಕದ್ದು. ನಿಷೇಧಿಸಿದವರ ವಿವರ ಎಲ್ಲರಿಗೂ ತಿಳಿದಿರುವುದರಿಂದ ಪುನಃ ಬರೆಯುವ ಅಗತ್ಯವಿಲ್ಲ.

ಕಲಂ ಐದು ಕೇಳಿರುವ ಪ್ರಶ್ನೆಗೆ ಉತ್ತರ: ಕೊಟ್ಟ ಮಾತನ್ನು ಅವನು ಮುರಿಯಬೇಕಾಗಿರಲಿಲ್ಲ. ಕೇಳಬಾರದ ಮಾತನ್ನು ಕೇಳಲಾಗಿತ್ತು. ಇದನ್ನು ಅವನಿಗೆ ಓದಿ ಹೇಳುವಾಗ ಗಟ್ಟಿಯಾಗಿ ಓದು. ಹೆಂಡತಿ, ಮಗು, ಹಾಲು ಒಯ್ಯುವವನು, ಅಂದು ಇದ್ದವರೆಲ್ಲ ಇಂದೂ ಇರಲಿ.

ಅವನು ಹೊರಡಕೂಡದು. ನಾನು ಮುಂದಿನ ವಾರ ಬರುತ್ತೇನೆ. ತೋಳಿಲ್ಲದ ಅಂಗಿ ನನ್ನ ಬಳಿ ಇಲ್ಲ. ಇರುವುದನ್ನೇ ಕತ್ತರಿಸಲು ದರ್ಜಿಗೆ ಕೊಟ್ಟಿದ್ದೇನೆ. ಅವನು ಸ್ವಿಚ್ಚಿನ ಬಳಿ ನಿಲ್ಲತಕ್ಕದ್ದು, ನಾನು ಮೇವು ಒಡ್ಡತಕ್ಕದ್ದು, ಕೋಲಿನಿಂದ. ಬಾಯಿಂದ ಶಿಳ್ಳೆ ಹೊಡೆಯುವುದು ಅಶಿಸ್ತು ಎಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಅದಕ್ಕೆ ಪರ್ಯಾಯವನ್ನು ಲಗತ್ತಿಸಿದೆ. ಅಂಗಡಿಯಲ್ಲಿ ಊದಿಸಿ ನೋಡಿಯೇ ಕೊಂಡಿದ್ದೇನೆ. ರಸ್ತೆಯ ಆಚೆ ಬದಿಯಿಂದ ಇಬ್ಬರು ತಿರುಗಿ ನೋಡಿದರು.

ಅವನ ಜೇಬಿನಲ್ಲಿರುವ ಬಟಾಣಿ ಆಸ್ಪತ್ರೆಯ ಸ್ವತ್ತು. ಬಂದಾಗ ನನ್ನ ಬಲಗೈಗೆ ಕೊಡಲಿ.

ಶಿಳ್ಳೆ ಕೇಳಿದೊಡನೆ ಎರಡೂ ಕೈ ಎತ್ತುವುದನ್ನು ನನಗೆ ಮಗು ಹೇಳಿಕೊಡಲಿ. ಅದರ ಬಳಿ ಕಲಿಯಲು ನನ್ನ ಅಭ್ಯಂತರವಿಲ್ಲ.

ಇಂತು,
ನಿನ್ನ ಅಣ್ಣ
(ಬಲಗೈ ರುಜು)

ಲಗತ್ತು: ಹಿತ್ತಾಳೆಯ ಶಿಳ್ಳೆ, ಕೊರಳಿಗೆ ಹಾಕಿಕೊಳ್ಳುವ ದಾರ ಸಹಿತ — ಒಂದು.